ರಿಕಾರ್ಡೊ ಲೆಕ್ಕ: ಆಳು ಸಮ ಇದ್ದರೆ ಕಬ್ಬು, ರಾಗಿ ಬೆಲೆಯೂ ಸಮನಾ?

ಗಂಗೋತ್ರಿ_ಎಂಎ:
ಮಂಡ್ಯ ಕಡೆ ರಾಗಿ ನಾಲ್ಕು ತಿಂಗಳಿಗೆ ಕೈಗೆ ಬರುತ್ತೆ, ಕಬ್ಬು ಹನ್ನೆರಡು ತಿಂಗಳು ಗದ್ದೆಯಲ್ಲೇ ನಿಂತಿರುತ್ತೆ. ಎರಡಕ್ಕೂ ತಲಾ 100 ಆಳಿನ ಕೆಲಸ ಅಂತ ಇಟ್ಕೊಳ್ಳಿ. ಶ್ರಮ ಮೌಲ್ಯ ಸಿದ್ಧಾಂತದ ಪ್ರಕಾರ (ವಸ್ತುವಿನ ಬೆಲೆ ಅದಕ್ಕೆ ಹಿಡಿದ ಶ್ರಮದಷ್ಟು ಅನ್ನೋದು) ಎರಡರ ಬೆಲೆ ಸಮ ಆಗಬೇಕಲ್ವಾ? ಜಮೀನಿನ ಗುತ್ತಿಗೆ ಹಣ ಎಲ್ಲಿ ಸೇರಿಸೋದು?

ಸರಸ್ವತಿಪುರಂ:
ಸಮ ಆಗಲ್ಲ. ಈ ಸಿದ್ಧಾಂತವನ್ನು ಬೆಳೆಸಿದ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಅವರೇ ಇದನ್ನು ಒಪ್ಪಿದ್ದಾರೆ. ಅವರ ‘ರಾಜಕೀಯ ಅರ್ಥಶಾಸ್ತ್ರ ಮತ್ತು ತೆರಿಗೆಯ ತತ್ವಗಳು’ ಪುಸ್ತಕದ 1821ರ ಮೂರನೇ ಆವೃತ್ತಿಯ ಮೊದಲ ಅಧ್ಯಾಯ, 4 ಮತ್ತು 5ನೇ ವಿಭಾಗ ನೋಡಿ.

ಆಳಿಗೆ 500 ರೂಪಾಯಿ, ಕೂಲಿಯೆಲ್ಲ ಮೊದಲೇ ಕೊಟ್ಟಾಯ್ತು, ಲಾಭದ ದರ ವರ್ಷಕ್ಕೆ ಶೇ 12. ಎರಡಕ್ಕೂ ಹಾಕಿದ ದುಡ್ಡು 50,000. ರಾಗಿಗೆ ಹಾಕಿದ್ದು ನಾಲ್ಕೇ ತಿಂಗಳಿಗೆ ವಾಪಸ್, ಲಾಭ ಶೇ 4: 52,000. ಕಬ್ಬಿಗೆ ಪೂರ್ತಿ ಶೇ 12: 56,000. ಆಳು ಅಷ್ಟೇ, ಬೆಲೆಯಲ್ಲಿ ಸುಮಾರು ಶೇ 7.7 ಅಂತರ.

ಮುಂದಿನದು ಇನ್ನೂ ಮುಖ್ಯ. ಕೂಲಿ ಏರಿ ಲಾಭದ ದರ ಶೇ 6ಕ್ಕೆ ಇಳೀತು ಅನ್ನಿ. ಕಬ್ಬಿನ 1.06ನ್ನು ರಾಗಿಯ 1.02ರಿಂದ ಭಾಗಿಸಿದರೆ ಅಂತರ ಶೇ 3.9. ಅಂದರೆ ಕೂಲಿ ಏರಿದಾಗ ರಾಗಿಯ ಎದುರು ಕಬ್ಬು ಅಗ್ಗವಾಗುತ್ತೆ! ಕೂಲಿ ಏರಿದ್ದರಿಂದ ಬೆಲೆಗಳಲ್ಲಿ ಆಗುವ ಇಂಥ ಬದಲಾವಣೆ ಶೇ 6–7 ಮೀರಲ್ಲ ಅಂತ ರಿಕಾರ್ಡೊ ಅಂದಾಜು. ಅದನ್ನು ಹಿಡಿದೇ (ನೂರರಲ್ಲಿ 7 ಕಳೆದರೆ 93) ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1958ರಲ್ಲಿ ಇದನ್ನು ಶೇ 93ರ ಶ್ರಮ ಸಿದ್ಧಾಂತ ಅಂತ ಕರೆದದ್ದು.

ನಾಲೆಬಯಲು:
ಗುತ್ತಿಗೆ ಸೇರಿಸಲೇಬೇಡಿ, ಎಡವೋದು ಅಲ್ಲೇ. ಬೆಲ್ಲದ ಲೆಕ್ಕ ತಗೊಳ್ಳಿ. (ಕಾರ್ಖಾನೆ ಕಬ್ಬಿಗೆ ಕೇಂದ್ರ ಸರ್ಕಾರವೇ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಬೆಲೆ, ನಿಗದಿ ಮಾಡುತ್ತೆ, ಅದು ಪೈಪೋಟಿಯಲ್ಲಿ ನಿಂತ ಬೆಲೆಯಲ್ಲ.) ಒಂದೇ ತೂಕದ ಬೆಲ್ಲಕ್ಕೆ ನಾಲೆ ಗದ್ದೆಯಲ್ಲಿ 60 ಆಳು, ಬೋರ್‌ವೆಲ್ ನೆಚ್ಚಿದ ಹೊಲದಲ್ಲಿ 100 ಆಳು ಬೇಕು ಅನ್ನಿ. ಪೇಟೆಗೆ ಎರಡೂ ಬೆಲ್ಲ ಬೇಕಿದ್ದರೆ ಬೆಲೆ 100 ಆಳಿನ ಲೆಕ್ಕದಲ್ಲೇ ನಿಲ್ಲುತ್ತೆ. ಇಲ್ಲದಿದ್ದರೆ ಬೋರ್‌ವೆಲ್‌ನವರು ಕಬ್ಬು ಬಿಡ್ತಾರೆ. ಮಿಕ್ಕ 40 ಆಳಿನ ಬೆಲೆ ನಾಲೆ ಗದ್ದೆಯ ಒಡೆಯರಿಗೆ ಗುತ್ತಿಗೆಯಾಗಿ ಹೋಗುತ್ತೆ. ಬೆಲ್ಲದ ಬೆಲೆ ಏರಿದ್ದಕ್ಕೆ ಗುತ್ತಿಗೆ ಏರುತ್ತೆ, ಗುತ್ತಿಗೆ ಏರಿದ್ದಕ್ಕೆ ಬೆಲ್ಲ ದುಬಾರಿಯಾಗಲ್ಲ.

ಗಂಗೋತ್ರಿ_ಎಂಎ:
ಸರಿ ಸರ್. ಆಲೆಮನೆಯ ಗಾಣ? ಅದಕ್ಕೂ ಶ್ರಮ ಹಿಡಿದಿರುತ್ತಲ್ಲ.

ನಾಲೆಬಯಲು:
ಸವೆದಷ್ಟೇ ಲೆಕ್ಕ. ಗಾಣ ಮಾಡಲು 2,000 ಆಳು, ಬಾಳಿಕೆ 10 ವರ್ಷ ಅಂದರೆ ವರ್ಷಕ್ಕೆ 200. ವರ್ಷಕ್ಕೆ 400 ಕ್ವಿಂಟಲ್ ಬೆಲ್ಲವಾದರೆ ಕ್ವಿಂಟಲಿಗೆ ಅರ್ಧ ಆಳು. ಸವೆಯದೆ ಉಳಿದ ಬಂಡವಾಳಕ್ಕೂ ಲಾಭ ಬೇಕಲ್ಲ, ಅಲ್ಲಿ ಮತ್ತೆ ಸರಸ್ವತಿಪುರಂ ಅವರು ಹೇಳಿದ ತೊಡಕೇ ಬರುತ್ತೆ. ಮಾರ್ಕ್ಸ್ ಇದಕ್ಕೆ ಮೌಲ್ಯ ಬೇರೆ, ಉತ್ಪಾದನಾ ಬೆಲೆ (ಖರ್ಚಿನ ಮೇಲೆ ಸರಾಸರಿ ಲಾಭ ಸೇರಿದ್ದು) ಬೇರೆ ಅಂತ ವಿಂಗಡಿಸಿದರು. ಅದು ಅಚ್ಚಾದದ್ದು 1894ರಲ್ಲಿ, ಎಂಗೆಲ್ಸ್ ಹೊರತಂದ ‘ಕ್ಯಾಪಿಟಲ್’ ಪುಸ್ತಕದ ಮೂರನೇ ಸಂಪುಟದಲ್ಲಿ. 1867ರ ಮೊದಲ ಸಂಪುಟ ಒಂದನ್ನೇ ಓದಿದರೆ ಈ ಭಾಗ ಸಿಗಲ್ಲ.