ನಮ್ಮ ಕಣದ ಮಳೆನೀರು ಯಾವ ಸಮುದ್ರಕ್ಕೆ ಹೋಗುತ್ತೆ, ಮ್ಯಾಪಲ್ಲಿ ನೋಡೋದು ಹೇಗೆ?

ಕಣದಮನೆ:
ಎಲ್ರಿಗೂ ನಮಸ್ಕಾರ. ನಮ್ದು ಸಕಲೇಶಪುರ ತಾಲ್ಲೂಕು, ಬಿಸ್ಲೆ ಕಡೆ ಕಾಫಿ ತೋಟ. ನಮ್ಮಜ್ಜ ಯಾವಾಗ್ಲೂ ಹೇಳೋರು, ಕಣದ ಈ ಕಡೆ ಬಿದ್ದ ಮಳೆ ಹೇಮಾವತಿ ಸೇರಿ ಕಾವೇರಿ ಹಿಡ್ಕೊಂಡು ಬಂಗಾಳಕೊಲ್ಲಿಗೆ ಹೋಗುತ್ತೆ, ಆ ಕಡೆ ಬಿದ್ದಿದ್ದು ಕುಮಾರಧಾರೆ, ನೇತ್ರಾವತಿ ಆಗಿ ಅರಬ್ಬಿ ಸಮುದ್ರಕ್ಕೆ ಅಂತ. ನಿಜಾನಾ ನೋಡೋಣ ಅಂತ ಗೂಗಲ್ ಮ್ಯಾಪ್ ಟೆರೇನ್ ಹಾಕಿದ್ರೆ ಬರೀ ಹಸಿರು, ಏನೂ ತಿಳೀಲಿಲ್ಲ. ಇನ್ನೊಂದು ತಲೆನೋವು, ಫೋನಿನ ಜಿಪಿಎಸ್ ಆ್ಯಪ್ ಕಣದ ಎತ್ತರ 845 ಮೀಟರ್ ಅನ್ನುತ್ತೆ, ಗೂಗಲ್ ಅರ್ಥ್ 932 ಅನ್ನುತ್ತೆ. ಯಾವ್ದನ್ನ ನಂಬೋದು? ಕೋಡಿಂಗ್ ಗೀಡಿಂಗ್ ಬರಲ್ಲ, ಲ್ಯಾಪ್‌ಟಾಪ್ ಇದೆ.

ಗೆರೆಗುಂಡ:
ಎತ್ತರದ ವಿಷ್ಯ ಮೊದ್ಲು ಹೇಳ್ತೀನಿ. ಎರಡೂ ಸರಿಯೇ ಸರ್. ಜಿಪಿಎಸ್ ಭೂಮಿನ ಒಂದು ನುಣುಪಾದ ಮೊಟ್ಟೆ ಥರ ಅಂದ್ಕೊಂಡು ಅದರ ಮೇಲಿಂದ ಎತ್ತರ ಅಳೆಯುತ್ತೆ, ಮ್ಯಾಪಿನೋರು ಸಮುದ್ರಮಟ್ಟದಿಂದ ಅಳೀತಾರೆ. ನಮ್ಮ ಕಡೆ ಸಮುದ್ರಮಟ್ಟ ಆ ಮೊಟ್ಟೆಗಿಂತ ಸುಮಾರು 85-90 ಮೀಟರ್ ಕೆಳಗಿದೆ, ಯಾಕಂದ್ರೆ ಶ್ರೀಲಂಕಾದ ದಕ್ಷಿಣಕ್ಕೆ ಗುರುತ್ವ ಕಮ್ಮಿ ಇರೋ ದೊಡ್ಡ ತಗ್ಗಿದೆ, ಅಲ್ಲಿ 106 ಮೀಟರ್ ತನಕ ಇಳಿಯುತ್ತೆ, ನಾವು ಅದರ ಇಳಿಜಾರಲ್ಲಿ ಕೂತಿದೀವಿ. ಆ್ಯಪ್ ಸೆಟ್ಟಿಂಗ್ಸಲ್ಲಿ ಸೀ ಲೆವೆಲ್ ಅಥವಾ ಜಿಯಾಯ್ಡ್ ಕರೆಕ್ಷನ್ (ಎತ್ತರನ ಸಮುದ್ರಮಟ್ಟದ ಲೆಕ್ಕಕ್ಕೆ ತರೋದು) ಇದ್ರೆ ಆನ್ ಮಾಡಿ.

ಹೊಳೆದಾರಿ:
ಮಜಾ ನೋಡೋಕೆ ರಿವರ್ ರನ್ನರ್ ಗ್ಲೋಬಲ್ ಅಂತ ವೆಬ್‌ಸೈಟ್ ಇದೆ, ಮ್ಯಾಪಲ್ಲಿ ಒತ್ತಿದ್ರೆ ಹನಿ ಸಮುದ್ರ ಸೇರೋ ತನಕ ಹಾರ್ಕೊಂಡು ತೋರ್ಸುತ್ತೆ. ಹೊಳೆ ಮಟ್ಟಕ್ಕೆ ಓಕೆ, ಕಣದ ಮಟ್ಟಕ್ಕೆ ನಂಬಬೇಡಿ ಮಾರಾಯ್ರೆ.

ಓಪನ್‌ಟೋಪೋಮ್ಯಾಪ್ ತೆಗೀರಿ, ಅದ್ರಲ್ಲಿ ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನ ಸೇರ್ಸೋ ಗೆರೆ) ಇರ್ತವೆ. ಗೆರೆ ಚೂಪಾಗಿ ಗುಡ್ಡದ ಮೇಲ್ಗಡೆ ತಿರುಗಿದ್ರೆ ಅಲ್ಲಿ ಹಳ್ಳ, ಕೆಳಗಡೆ ತಿರುಗಿದ್ರೆ ದಿಣ್ಣೆ. ಯಾವ ಹಳ್ಳನೂ ದಾಟದೆ ದಿಣ್ಣೆ ನೆತ್ತಿ ಮೇಲೇ ಗೆರೆ ಎಳ್ಕೊಂಡು ಹೋಗಿ, ಅದೇ ನೀರು ಕವಲೊಡೆಯೋ ಗೆರೆ. ಆಮೇಲೆ ಗೂಗಲ್ ಅರ್ಥ್ ಪ್ರೋ, ಈಗ ಅದು ಫ್ರೀ, ಅದ್ರಲ್ಲಿ ಕಣಕ್ಕೆ ಅಡ್ಡವಾಗಿ ಪಾತ್ ಹಾಕಿ ರೈಟ್ ಕ್ಲಿಕ್ ಮಾಡಿ ಎಲಿವೇಶನ್ ಪ್ರೊಫೈಲ್ ಕೊಡಿ. ಗ್ರಾಫ್ ಮೇಲೆ ಮೌಸ್ ಆಡಿಸ್ತಿದ್ರೆ ಮೇಲೆ ಮ್ಯಾಪಲ್ಲಿ ಬಾಣ ಓಡುತ್ತೆ, ಅತಿ ಎತ್ತರದ ಜಾಗಕ್ಕೆ ಪಿನ್ ಹಾಕಿ. ಹಂಗೆ ಏಳೆಂಟು ಕಡೆ.

ಗೆರೆಗುಂಡ:
ಸೀರಿಯಸ್ಸಾಗಿ ಬೇಕಂದ್ರೆ ಕ್ಯೂಜಿಐಎಸ್, ಲ್ಯಾಪ್‌ಟಾಪಲ್ಲಿ ಹಾಕೋ ಫ್ರೀ ಮ್ಯಾಪ್ ಸಾಫ್ಟ್‌ವೇರ್. ಕೋಪರ್ನಿಕಸ್ 30 ಮೀಟರ್ ಡೆಮ್ (ನೆಲನ 30 ಮೀಟರ್ ಚೌಕ ಮಾಡಿ ಒಂದೊಂದರ ಎತ್ತರ ಬರೆದಿರೋ ಫೈಲ್) ಇಳಿಸ್ಕೊಂಡು, ಮೊದ್ಲು ಮೀಟರ್ ಲೆಕ್ಕದ ಯುಟಿಎಂ 43 ನಾರ್ತ್‌ಗೆ (ಕೋಡ್ 32643) ಬದ್ಲಾಯಿಸಿ, ಡಿಗ್ರಿಲೇ ಬಿಟ್ರೆ ಇಳಿಜಾರಿನ ಲೆಕ್ಕ ಹಾಳಾಗುತ್ತೆ. ಆಮೇಲೆ ಗ್ರಾಸ್ ಟೂಲ್‌ಗಳಲ್ಲಿ ಆರ್ ಡಾಟ್ ವಾಟರ್‌ಶೆಡ್. ಅದು ನೀರು ಹರಿಯೋ ದಾರಿ, ಕವಲೊಡೆಯೋ ಗೆರೆ ಲೆಕ್ಕ ಹಾಕುತ್ತೆ. ಥ್ರೆಶೋಲ್ಡ್ (ಹಳ್ಳ ಅನ್ನೋಕೆ ಕನಿಷ್ಠ ಎಷ್ಟು ಚೌಕದ ನೀರು ಸೇರ್ಬೇಕು ಅನ್ನೋದು) 500 ಕೊಟ್ರೆ 500 ಚೌಕ, ಒಂದೊಂದು 900 ಚದರ ಮೀಟರ್, ಅಂದ್ರೆ ಸುಮಾರು 110 ಎಕರೆ ನೀರು ಸೇರಿದ ಮೇಲೆ ಹಳ್ಳ ಅಂತ ಲೆಕ್ಕ. ನಿಮ್ಗೆ ಇನ್ನೂ ಕಮ್ಮಿ ಕೊಡ್ಬೇಕಾಗುತ್ತೆ.

ಒಂದು ಮೋಸ ಇದೆ ಮಾತ್ರ. ಈ ಡೆಮ್ ಅಳೆಯೋದು ಮಣ್ಣನ್ನಲ್ಲ, ನಿಮ್ಮ ಸಿಲ್ವರ್ ಓಕ್ ಮರದ ತಲೆನ. ಮರ ಕಡಿದ ಜಾಗ ಹೊಂಡದ ಥರ ಕಾಣುತ್ತೆ. ಫ್ಯಾಬ್‌ಡೆಮ್ ಅಂತ ಇದೆ, ಅದೇ ಡೇಟಾ, ಮರ-ಕಟ್ಟಡ ಕಳೆದಿರೋದು, ಅದನ್ನೂ ಹಾಕಿ ಹೋಲಿಸಿ.

ಕಣದಮನೆ:
ಫ್ಯಾಬ್‌ಡೆಮ್ ಹಾಕಿ ಮಾಡ್ದೆ. ಗೆರೆ ಕಣದ ಮಧ್ಯಕ್ಕಲ್ಲ, 60-70 ಮೀಟರ್ ಪಶ್ಚಿಮಕ್ಕೆ ಬಂತು, ಅಂದ್ರೆ ಕಣದ ನೀರೆಲ್ಲ ಕಾವೇರಿಗೆ. ಅಜ್ಜ ಸುಳ್ಳು ಹೇಳಿದ್ರಾ ಅಂತ ಬೇಜಾರಾಯ್ತು. ನಿನ್ನೆ ಜೋರು ಮಳೆ, ಛತ್ರಿ ಹಿಡ್ಕೊಂಡು ಹೋಗಿ ಕಣದ ಚರಂಡಿಗೆ ಒಂದು ಹಿಡಿ ಕಾಫಿ ಹೊಟ್ಟು ಹಾಕಿ ಅದರ ಹಿಂದೇನೇ ನಡೆದೆ, ಇಂಬಳ ಕಚ್ಚಿಸ್ಕೊಂಡು. ಈ ಕಡೆದು ಪೂರ್ವಕ್ಕೇ ಹೋಯ್ತು. ಆ ಕಡೆದು ಎಸ್ಟೇಟ್ ರೋಡ್ ಪಕ್ಕ ಓಡಿ, ರೋಡ್ ಕೆಳಗಿನ ಮೋರಿಲಿ ನುಗ್ಗಿ, ದಿಣ್ಣೆ ದಾಟಿ ಪಶ್ಚಿಮದ ಹಳ್ಳಕ್ಕೆ ಬಿತ್ತು! ಆ ಮೋರಿ ಹಾಕ್ಸಿದ್ದು ಅಜ್ಜನೇ ಅಂತೆ, ಅಮ್ಮ ಹೇಳಿದ್ರು. ಈಗ ಆ ಮೋರಿನ ಡೆಮ್‌ಗೆ ಹೇಳೋದು ಹೇಗೆ?

ಗೆರೆಗುಂಡ:
😄 ಮೋರಿ ಎರಡೂ ತುದಿಲಿ ಜಿಪಿಎಸ್ ಪಾಯಿಂಟ್ ತಗೊಂಡು ಮಧ್ಯೆ ಗೆರೆ ಎಳೆದು, ರಾಸ್ಟರೈಸ್ ಓವರ್‌ರೈಟ್ ವಿತ್ ಫಿಕ್ಸ್ಡ್ ವ್ಯಾಲ್ಯೂ ಅನ್ನೋ ಕ್ಯೂಜಿಐಎಸ್ ಟೂಲಲ್ಲಿ ರೋಡಿಗಿಂತ ತಗ್ಗಿನ ಎತ್ತರ ಕೊಡಿ, ನೀರು ಅಲ್ಲೇ ನುಗ್ಗುತ್ತೆ. ಡೆಮ್ ಫೈಲ್ ಮೊದ್ಲು ಕಾಪಿ ಇಟ್ಕೊಳಿ, ಒರಿಜಿನಲ್ ಮೇಲೇ ಬರೆದುಬಿಡುತ್ತೆ, ನಾನು ಒಂದ್ಸಲ ಕಳ್ಕೊಂಡಿದೀನಿ.