ಸಮಸ್ಯಾಪೂರಣ: ಹೋದವರು ಹಾಡಿದರು ರಾತ್ರಿಯೆಲ್ಲ

ಕಾರವಾರದಿಂದ:

ಪದ್ಯದ ಕೊನೆಗೆ ಬರಬೇಕಾದ ಈ ಸಲದ ಸಾಲು ಇದು.

ಹೋದವರು ಹಾಡಿದರು ರಾತ್ರಿಯೆಲ್ಲ

ಕಲಾವಿದರೊಬ್ಬರು ತೀರಿಕೊಂಡ ದಿನ ಎಲ್ಲರ ಮೊಬೈಲಿನಲ್ಲೂ ಒಂದೇ ಮಾತು ಓಡಾಡುತ್ತದೆ. ‘ತುಂಬಲಾರದ ನಷ್ಟ’, ‘ಓಂ ಶಾಂತಿ’, ಒಂದು ಫೋಟೋ, ಮುಗಿಯಿತು. ಅವರು ಏನು ಹಾಡಿದರು, ಯಾವ ವೇಷ ಮಾಡಿದರು, ಯಾವ ಸಿನಿಮಾ ತೆಗೆದರು ಅನ್ನೋದು ಮರುದಿನಕ್ಕೆ ಯಾರಿಗೂ ನೆನಪಿರುವುದಿಲ್ಲ. ನನಗೆ ಇದು ಬಹಳ ಬೇಜಾರಿನ ವಿಷಯ. ಅದಕ್ಕೇ ಈ ಸಾಲು ಕೊಟ್ಟಿದ್ದೇನೆ. ಈಚಿನ ವರ್ಷಗಳಲ್ಲಿ ಹೋದವರಲ್ಲಿ ನಿಮಗೆ ಹತ್ತಿರವಾದ ಯಾರನ್ನಾದರೂ ನೆನೆದು ಮೊದಲ ಮೂರು ಸಾಲು ಕಟ್ಟಿ. ‘ಅಮರ’, ‘ಚೇತನ’, ‘ಧ್ರುವತಾರೆ’ ಬೇಡ. ಅವರ ಕೆಲಸ ಕಾಣಬೇಕು.

ಲೆಕ್ಕ ಸುಲಭ. ಐದು ಮಾತ್ರೆಯ ಮೂರು ಗಣ, ಕೊನೆಗೆ ಒಂದು ಅಕ್ಷರ: ಹೋದವರು | ಹಾಡಿದರು | ರಾತ್ರಿಯೆಲ್ | ಲ. ನಾಲ್ಕೂ ಸಾಲಿನಲ್ಲಿ ಎರಡನೇ ಅಕ್ಷರ ‘ದ’, ಅದರ ಹಿಂದೆ ದೀರ್ಘ. ಅಂದರೆ ಗಜಪ್ರಾಸ. ‘ದ’ ಇರಬೇಕಾದಲ್ಲಿ ‘ಧ’ ಬಂದರೂ ನಡೆಯುತ್ತದೆ, ವರ್ಗಪ್ರಾಸವನ್ನು ಹಳಬರೇ ಒಪ್ಪಿದ್ದಾರೆ.

ಹೊನ್ನಾವರದಿಂದ:

ಕಾದಿರಲು ಗದ್ದೆಯನು ಮಾಳದಲ್ಲಿ
ಆದ ಬೇಸರವೆಲ್ಲ ಹಾರಿಹೋಯ್ತು
ನಾದ ಚೆಂಡೆಯದಲ್ಲ, ಕಿಸೆಯ ಫೋನು;
ಹೋದವರು ಹಾಡಿದರು ರಾತ್ರಿಯೆಲ್ಲ

ಇದು ಯಕ್ಷಗಾನದ ಭಾಗವತ ಸುಬ್ರಹ್ಮಣ್ಯ ಧಾರೇಶ್ವರರಿಗೆ. ಗೋಕರ್ಣದವರು, 2024ರ ಏಪ್ರಿಲ್ 25ರಂದು ಹೋದರು. 1990ರಲ್ಲಿ ಭಾಗವತ ಕಾಳಿಂಗ ನಾವಡರು ಅಪಘಾತದಲ್ಲಿ ತೀರಿಕೊಂಡಾಗ ಬಡಗುತಿಟ್ಟಿನ ಯಕ್ಷಗಾನ ಆಟದ ಕಥೆ ಮುಗಿಯಿತು ಅಂತ ಮರುಗಿದವರು ನಮ್ಮ ಮನೆಯಲ್ಲೇ ಇದ್ದರು. ಆಮೇಲೆ ಪೆರ್ಡೂರು ಮೇಳದ ಆಟಕ್ಕೆ ಅವರೇ ಕಂಬಳಿ ಹೊದ್ದು ಹೋಗಿ ಬೆಳಗಿನವರೆಗೆ ಕೂತಿದ್ದು ಧಾರೇಶ್ವರರ ಪದ್ಯಕ್ಕಾಗಿ. ದುಃಖದ ಪದ್ಯ ಎತ್ತಿಕೊಂಡರೆ ಅವರಿಗೆ ಅವಸರ ಇರುತ್ತಿರಲಿಲ್ಲ. ಒಂದು ಮಾತನ್ನು ಎಳೆದು, ಮತ್ತೆ ತಿರುಗಿಸಿ, ವೇಷಧಾರಿ ಕಣ್ಣೊರೆಸಿಕೊಳ್ಳುವಷ್ಟು ಜಾಗ ಬಿಟ್ಟು ಹಾಡುತ್ತಿದ್ದರು. ಜನ ಗಲಾಟೆ ಮಾಡುತ್ತಿದ್ದರೂ ಅಲ್ಲಿಗೆ ಬಂದಾಗ ಸುಮ್ಮನಾಗುತ್ತಿದ್ದರು.

ನಮ್ಮಲ್ಲಿ ಭತ್ತ ಹಾಲುಗಟ್ಟಿದ ಮೇಲೆ ಹಂದಿ ಕಾಟ ಜಾಸ್ತಿ. ರಾತ್ರಿ ಕಾವಲು ಗುಡಿಸಲಿನಲ್ಲಿ, ಅಂದರೆ ಮಾಳದಲ್ಲಿ, ಮಲಗಲೇಬೇಕು. ಕೈಯಲ್ಲಿ ಟಾರ್ಚು, ಜೊತೆಗೆ ಧಾರೇಶ್ವರರು. ಪದ್ಯದಲ್ಲಿ ‘ಕಿಸೆಯ ಫೋನು’ ಅಂದಿದ್ದು ಮಾತ್ರೆಗೆ ಹೊಂದಲಿ ಅಂತ. ನಿಜವಾಗಿ ನಾನು ಫೋನನ್ನು ಸ್ಟೀಲಿನ ಚೊಂಬಿನೊಳಗೆ ಇಳಿಸಿಡುತ್ತೇನೆ. ದನಿ ದೊಡ್ಡದಾಗುತ್ತದೆ, ಪಕ್ಕದ ಗದ್ದೆಯ ಮಾಳಕ್ಕೂ ಕೇಳುತ್ತದೆ. ಅಲ್ಲಿಂದ ‘ಆ ಪದ್ಯ ಇನ್ನೊಂದ್ಸಲ ಹಾಕು’ ಅಂತ ಕೂಗುತ್ತಾರೆ.

ಕಾರವಾರದಿಂದ:

ಹೊನ್ನಾವರದ ಅಣ್ಣ, ಮೂರನೇ ಸಾಲು ಗೆದ್ದಿತು. ‘ನಾದ ಚೆಂಡೆಯದಲ್ಲ’ ಅನ್ನುವಾಗ ಹತ್ತಿರದಲ್ಲೆಲ್ಲೂ ಆಟ ಇಲ್ಲ ಅನ್ನೋದು ತಿಳಿಯುತ್ತದೆ, ಫೋನು ಬಂದ ಕೂಡಲೇ ಸಮಸ್ಯೆಯ ಗಂಟು ಬಿಚ್ಚುತ್ತದೆ. ‘ಮಾಳ’ ಘಟ್ಟದ ಮೇಲಿನ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲದವರು ಕೇಳಿ ತಿಳಿದುಕೊಳ್ಳಲಿ, ಬದಲಿಸಬೇಡಿ.

ಮುರುಡೇಶ್ವರದಿಂದ:

ಬೀದಿಬೀದಿಯಲಪ್ಪು ಪಟವ ಕಟ್ಟಿ
ಓದು ಬಿಟ್ಟೋಡಿದರು ಮಕ್ಕಳೆಲ್ಲ
ಆದರೇನಿನ್ನಿಲ್ಲವೆಂದರೇನು?
ಹೋದವರು ಹಾಡಿದರು ರಾತ್ರಿಯೆಲ್ಲ

ಪುನೀತ್ ರಾಜ್‌ಕುಮಾರ್ ಅವರಿಗೆ. 2021ರ ಅಕ್ಟೋಬರ್ 29 ನಮ್ಮೂರಲ್ಲಿ ಯಾರೂ ಮರೆತಿಲ್ಲ.

ಕುಮಟೆಯಿಂದ:

ಮಾತ್ರೆ, ಪ್ರಾಸ ಎರಡೂ ಸರಿ ಇದೆ ಮಾರಾಯ್ರೆ. ಆದರೆ ಇಲ್ಲಿ ಅಭಿಮಾನಿಗಳು ಕಾಣುತ್ತಾರೆ, ಅಪ್ಪು ಕಾಣುವುದಿಲ್ಲ. ‘ಅಪ್ಪು’ ಅನ್ನೋ ಜಾಗದಲ್ಲಿ ಬೇರೆ ಯಾರ ಹೆಸರು ಹಾಕಿದರೂ ಪದ್ಯ ಹಾಗೇ ನಿಲ್ಲುತ್ತದೆ ಅಲ್ವಾ? ನೀವು ಮುರುಡೇಶ್ವರದವರು. 2022ರ ಅಕ್ಟೋಬರಿನಲ್ಲಿ ತೆರೆಗೆ ಬಂದ ‘ಗಂಧದ ಗುಡಿ’ಗಾಗಿ ಅವರು ನಿಮ್ಮ ಕಣ್ಣೆದುರಿನ ನೇತ್ರಾಣಿ ದ್ವೀಪದ ನೀರಿಗೇ ಇಳಿದಿದ್ದರು. ಅದನ್ನು ಬಿಟ್ಟು ಬೀದಿಯ ಪಟ ಯಾಕೆ?

ಕಾರವಾರದಿಂದ:

ಇದು ಒಪ್ಪುವ ಮಾತು. ‘ನೇತ್ರಾಣಿ’ಗೆ ಸರಿಯಾಗಿ ಐದು ಮಾತ್ರೆ, ಗಣಕ್ಕೆ ಹೇಳಿ ಮಾಡಿಸಿದ ಹೆಸರು. ಇನ್ನೊಮ್ಮೆ ಕಟ್ಟಿ, ಕಾಯುತ್ತೇವೆ.

ಶಿರಸಿಯಿಂದ:

ಓದಿದ್ದ ಕಥೆ ತೆರೆಯ ಮೇಲೆ ಬಂತು
ನಾದವಾಯಿತು ತಂತಿ, ಮಾತು ಮೌನ
ಆದ ಹೊತ್ತನು ಮರೆತು ನೋಡುತಿದ್ದೆ
ಹೋದವರು ಹಾಡಿದರು ರಾತ್ರಿಯೆಲ್ಲ

ಇದರಲ್ಲಿ ಇಬ್ಬರಿದ್ದಾರೆ. ಗಿರೀಶ ಕಾರ್ನಾಡರು ಮತ್ತು ಸರೋದ್‌ನ ರಾಜೀವ ತಾರಾನಾಥರು. 1970ರ ‘ಸಂಸ್ಕಾರ’ ಸಿನಿಮಾದಲ್ಲಿ ಕಾರ್ನಾಡರು ಪ್ರಾಣೇಶಾಚಾರ್ಯ, ಸಂಗೀತ ತಾರಾನಾಥರದು. ಕಾರ್ನಾಡರು ಹೋಗಿದ್ದು 2019ರ ಜೂನ್ 10, ತಾರಾನಾಥರು 2024ರ ಜೂನ್ 11. ಜೂನ್ ಬಂದರೆ ಇಬ್ಬರೂ ಒಟ್ಟಿಗೇ ನೆನಪಾಗುತ್ತಾರೆ. ಕಾರ್ನಾಡರು ಚಿಕ್ಕವರಿದ್ದಾಗ ಆಟ, ಕಂಪನಿ ನಾಟಕ ನೋಡಿದ್ದು ನಮ್ಮ ಶಿರಸಿಯಲ್ಲಿ. ಅವರ ‘ಹಯವದನ’ ನಾಟಕದ ಭಾಗವತ ಎಲ್ಲಿಂದ ಬಂದ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಅಂಕೋಲೆಯಿಂದ:

ಅಕ್ಕ, ಎರಡನೇ ಸಾಲು ಬಹಳ ಚಂದ. ಆದರೆ ಸಿನಿಮಾ ಎರಡು ತಾಸಿಗೆ ಮುಗಿಯುತ್ತದೆ. ‘ರಾತ್ರಿಯೆಲ್ಲ’ ಹೇಗೆ?

ಶಿರಸಿಯಿಂದ:

ಸರಿಯಾದ ಪ್ರಶ್ನೆ. ಮೂರನೇ ಸಾಲು ತೆಗೆದು ಹೀಗೆ ಮಾಡುತ್ತೇನೆ:

ಓದಿದ್ದ ಕಥೆ ತೆರೆಯ ಮೇಲೆ ಬಂತು
ನಾದವಾಯಿತು ತಂತಿ, ಮಾತು ಮೌನ
ಹಾದಿ ತಪ್ಪಿತು ನಿದ್ದೆ, ಕಿವಿಯ ತುಂಬ
ಹೋದವರು ಹಾಡಿದರು ರಾತ್ರಿಯೆಲ್ಲ

ಕಾರವಾರದಿಂದ:

ಈಗ ಪೂರ್ತಿ ಆಯಿತು. ‘ತಂತಿವಾದ್ಯ ಹಾಡುತ್ತದೆಯೇ’ ಅಂತ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ತಾರಾನಾಥರು ಅಲಿ ಅಕ್ಬರ್ ಖಾನರ ಶಿಷ್ಯರು. ಅವರ ಆಲಾಪ ಕೇಳಿದವರು ಈ ಪ್ರಶ್ನೆ ಕೇಳುವುದಿಲ್ಲ.

ಅಂಕೋಲೆಯಿಂದ:

ನನ್ನದು ಶಿರಸಿ–ಕುಮಟೆ ರಾತ್ರಿ ಬಸ್ಸಿನ ಪದ್ಯ. ದೇವಿಮನೆ ಘಟ್ಟ ಇಳಿಯುವಾಗ ಡ್ರೈವರ್ ಹಳೇ ಹಾಡು ಹಚ್ಚಿದ್ದರು. ಅರ್ಧ ಬಸ್ಸು ನಿದ್ದೆಯಲ್ಲಿತ್ತು.

ಹಾದಿಯುದ್ದಕು ಘಟ್ಟ, ಬಸ್ಸಿನೊಳಗೆ
ಊದುಗಾಳಿಗೆ ಕಿಟಕಿ ಮುಚ್ಚಿ ಕೂತೆ
ನಾದದಲಿ ಬಾಲು ಬಳಿ ವಾಣಿ ಬಂದು
ಹೋದವರು ಹಾಡಿದರು ರಾತ್ರಿಯೆಲ್ಲ

ಎಸ್. ಪಿ. ಬಾಲಸುಬ್ರಹ್ಮಣ್ಯಂ 2020ರ ಸೆಪ್ಟೆಂಬರ್ 25ರಂದು ಹೋದರು, ವಾಣಿ ಜಯರಾಂ 2023ರ ಫೆಬ್ರವರಿ 4ರಂದು.

ಹೊನ್ನಾವರದಿಂದ:

ಮೂರನೇ ಸಾಲಿನ ‘ಬಂದು’ ನಾಲ್ಕನೇ ಸಾಲಿಗೆ ಸೇರಿ ‘ಬಂದು ಹೋದವರು’ ಆಗಿದೆ! ಕೊಟ್ಟ ಸಾಲನ್ನು ಮುಟ್ಟದೆ ಅದಕ್ಕೆ ಹೊಸ ತಲೆ ಕೊಟ್ಟಿದ್ದೀರಿ. ನಾನು ಎರಡು ಸಲ ಓದಿದ ಮೇಲೆ ಗೊತ್ತಾಯಿತು.

ಯಲ್ಲಾಪುರದಿಂದ:

ನಾನು ಸಾಲನ್ನು ಬೇರೆ ಥರ ಬಿಡಿಸಿದ್ದೇನೆ. ಇಲ್ಲಿ ಹೋದವರು ಅಂದರೆ ನುಡಿನಮನಕ್ಕೆ ಹೋದವರು, ನಾವೇ.

ವೇದಿಕೆಯ ಮೇಲವರ ಪಟವನಿಟ್ಟು
ಆದೀತು ಭಾಷಣವು ಎಂದುಕೊಂಡು
ಸೋದರಿಯರೆತ್ತಿದರು ಮೊದಲ ಸೊಲ್ಲು
ಹೋದವರು ಹಾಡಿದರು ರಾತ್ರಿಯೆಲ್ಲ

ಎಚ್. ಎಸ್. ವೆಂಕಟೇಶಮೂರ್ತಿಯವರಿಗೆ. 2025ರ ಮೇ 30ರಂದು ಹೋದರು. ‘ಚಿನ್ನಾರಿ ಮುತ್ತ’ದ ಹಾಡು ಬರೆದವರು ಅವರೇ ಅಂತ ಗೊತ್ತಿಲ್ಲದವರಿಗೂ ಆ ಹಾಡು ಬಾಯಿಗೆ ಬರುತ್ತದೆ.

ಶಿರಸಿಯಿಂದ:

ಎರಡನೇ ಸಾಲು ಮೂರನೆಯದಕ್ಕೆ ಸರಿಯಾಗಿ ಕೂಡುವುದಿಲ್ಲ. ‘ಎಂದುಕೊಂಡು’ ಯಾರು? ಸೋದರಿಯರೋ, ಕೂತವರೋ? ‘ಆದೀತು ಭಾಷಣವು ಎಂದರೆಲ್ಲ’ ಅಂದರೆ ಸಾಲು ಅಲ್ಲಿಗೇ ನಿಲ್ಲುತ್ತದೆ, ಮಾತ್ರೆಯೂ ಕೆಡುವುದಿಲ್ಲ.

ಯಲ್ಲಾಪುರದಿಂದ:

ತಿದ್ದಿಕೊಂಡೆ ಅಕ್ಕ. ಹಾಗೇ ಇರಲಿ.

ಕಾರವಾರದಿಂದ:

ಈ ಪದ್ಯ ನನಗೆ ಎಲ್ಲಕ್ಕಿಂತ ಹಿಡಿಸಿತು. ಮೂರನೇ ಸಾಲಿನಲ್ಲಿ ಭಾಷಣ ಬಿಟ್ಟು ಹಾಡು ಎತ್ತುತ್ತಾರಲ್ಲ, ಕವಿಯನ್ನು ನೆನೆಯಲು ಅದಕ್ಕಿಂತ ಒಳ್ಳೇ ದಾರಿ ನನಗೆ ಗೊತ್ತಿಲ್ಲ.

ಕುಮಟೆಯಿಂದ:

ಹಾಡುಗಾರರಿಗೆ ಈ ಸಾಲು ಸರಿ. ನಟರಿಗೆ ಏನು ಮಾಡೋದು? ಲೀಲಾವತಿ, ದ್ವಾರಕೀಶ್, ಬಿ. ಸರೋಜಾದೇವಿ, ಅಪರ್ಣಾ, ಎಲ್ಲರೂ 2023ರಿಂದ ಈಚೆಗೆ ಹೋದವರು. ಯಕ್ಷಗಾನದ ನಮ್ಮ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ಹೋದರು. ಅವರ ಭಸ್ಮಾಸುರ ನೋಡಿದವನು ನಾನು, ಅದನ್ನು ‘ಹಾಡಿದರು’ ಒಳಗೆ ತುರುಕಲು ಮನಸ್ಸು ಒಪ್ಪುವುದಿಲ್ಲ.

ಕಾರವಾರದಿಂದ:

ತುರುಕಬೇಡಿ. ಅವರಿಗೆ ಬೇರೆ ಸಾಲು ಕೊಡುತ್ತೇನೆ. ಅದೇ ಐದು ಮಾತ್ರೆಯ ನಡೆ. ಪ್ರಾಸ ಈಗ ‘ಗ’, ಹಿಂದೆ ಹ್ರಸ್ವ, ಸಿಂಹಪ್ರಾಸ. ನಗು, ಮೊಗ, ಹಗಲು, ಜಗಲಿ, ಬೇಕಾದಷ್ಟು ಸಿಗುತ್ತವೆ.

ಮುಗಿದ ಮೇಲೆಯು ಆಟ ಸಾಗುತಿತ್ತು

ಮುಂದಿನ ಭಾನುವಾರದ ತನಕ ಸಮಯ. ಭಸ್ಮಾಸುರ ಕುಮಟೆಯವರಿಗೇ ಮೀಸಲು. ನೇತ್ರಾಣಿಯ ಪದ್ಯವೂ ಅಷ್ಟರೊಳಗೆ ಬರಲಿ.