ಎಆರ್-15ಗೆ ರೆಡ್ ಡಾಟ್ ಹಾಕ್ಲಾ, ಸ್ಕೋಪ್ ಹಾಕ್ಲಾ? ಕನ್ನಡಕಕ್ಕೆ ಸಿಲಿಂಡರ್ ಪವರ್ ಬೇರೆ ಇದೆ

ಹಿಲ್‌ಕಂಟ್ರಿ_ಹಾಸನ

ನಮಸ್ಕಾರ ಎಲ್ರಿಗೂ. ಆಸ್ಟಿನ್‌ನಿಂದ ಆಚೆ ಹಿಲ್ ಕಂಟ್ರಿ ಕಡೆ ಸ್ವಲ್ಪ ಜಮೀನು ತಗೊಂಡು ಅಲ್ಲೇ ಮನೆ ಮಾಡಿದೀವಿ, ಆಡು ಕೋಳಿ ಸಾಕಿದೀವಿ, ರಾತ್ರಿ ಆದ್ರೆ ನರಿ ಥರದ ಕಯೋಟಿ ಕಾಟ, ಅದ್ರ ಮೇಲೆ ಕಾಡುಹಂದಿ ಹಿಂಡು ಬಂದ್ರೆ ಬೆಳಗ್ಗೆ ನೋಡೋಷ್ಟರಲ್ಲಿ ನೇಗಿಲು ಹೊಡೆದ ಹಾಗೆ ನೆಲ ಪೂರ್ತಿ ಕಿತ್ತು ಹಾಕಿರ್ತವೆ. ಪಕ್ಕದ ಮನೆ ಅನ್ನೋದೇ ದೂರ, 911ಗೆ ಫೋನ್ ಮಾಡಿದ್ರೂ ಡೆಪ್ಯುಟಿ ಬರೋಷ್ಟೊತ್ತಿಗೆ ತುಂಬಾ ಹೊತ್ತಾಗತ್ತೆ. ಹಾಗಾಗಿ ಗ್ರೀನ್ ಕಾರ್ಡ್ ಬಂದ್ಮೇಲೆ ರೂಜರ್ ಎಆರ್-556 ತಗೊಂಡೆ, ಎಆರ್-15 ಥರದ ರೈಫಲ್ಲೇ, 16 ಇಂಚ್ ಬ್ಯಾರಲ್, 5.56 ಗುಂಡು. ಮುಂದೆ ಫಿಕ್ಸ್ ಆಗಿರೋ ಐರನ್ ಸೈಟ್ (ಗುರಿ ಹಿಡಿಯೋ ಮಾಮೂಲಿ ಲೋಹದ ಗುರುತು), ಹಿಂದೆ ಮಡಚೋ ಸೈಟ್ ಇದೆ, ಹಗಲಲ್ಲಿ ರೇಂಜ್‌ನಲ್ಲಿ ಪರವಾಗಿಲ್ಲ, ಕತ್ತಲಲ್ಲಿ ಏನೂ ಕಾಣ್ಸಲ್ಲ.

ಈಗ ಇದಕ್ಕೆ ಏನು ಹಾಕ್ಬೇಕು ಅಂತ ತಲೆ ಕೆಟ್ಟಿದೆ. ಒಬ್ರು ರೆಡ್ ಡಾಟ್ (ಗಾಜಲ್ಲಿ ಗುರಿಗೆ ಕೆಂಪು ಚುಕ್ಕಿ ತೋರಿಸೋ ಸೈಟ್) ಸಾಕು ಅಂತಾರೆ, ಇನ್ನೊಬ್ರು 1-6 ಎಕ್ಸ್ (ಒಂದರಿಂದ ಆರು ಪಟ್ಟು ದೊಡ್ಡದಾಗಿ ತೋರಿಸೋ) ಸ್ಕೋಪ್ ಇಲ್ದೆ ದುಡ್ಡು ದಂಡ ಅಂತಾರೆ. ಮನೆ ಒಳಗೆ ಅತಿ ಉದ್ದದ ಜಾಗ ಅಂದ್ರೆ 12 ಯಾರ್ಡ್ ಇರ್ಬಹುದು, ಜಗಲಿಯಿಂದ ಆಡಿನ ಕೊಟ್ಟಿಗೆಗೆ 70, ಬೇಲಿಗೆ 150. ಬಜೆಟ್ ಮೌಂಟ್ (ಸೈಟನ್ನ ಗನ್ ಮೇಲೆ ಕೂರಿಸೋ ಕ್ಲಾಂಪ್) ಸೇರಿ 400 ಡಾಲರ್, ಒಳ್ಳೇ ಕಾರಣ ಇದ್ರೆ ಸ್ವಲ್ಪ ಜಾಸ್ತಿ ಮಾಡ್ತೀನಿ. ಮುಖ್ಯವಾದ ವಿಷ್ಯ ಏನಂದ್ರೆ ಎರಡೂ ಕಣ್ಣಿಗೆ ಸಿಲಿಂಡರ್ ಪವರ್ ಇದೆ, ಅಂಗಡೀಲಿ ರೆಡ್ ಡಾಟ್ ನೋಡಿದಾಗ ಚುಕ್ಕಿ ಗುಂಡಗೆ ಇರ್ಲಿಲ್ಲ, ಬಾಲ ಬಂದು ಒಡೆದುಹೋದ ಹಾಗೆ ಕಾಣ್ತು. ಅದು ಆ ಪೀಸಿನ ತೊಂದ್ರೆನಾ, ನನ್ನ ಕಣ್ಣಿನ ತೊಂದ್ರೆನಾ? ಗೊತ್ತಿರೋರು ಹೇಳಿ.

ಕೋವಿ_ಹ್ಯೂಸ್ಟನ್

ನಂದು ಮಡಿಕೇರಿ ಕಡೆ. ಕೈಲ್‌ಪೊಳ್ದ್‌ಗೆ ಕೋವಿ ಇಟ್ಟು ಪೂಜೆ ಮಾಡೋ ಮನೇಲಿ ಬೆಳೆದೋನು, ಆ ಕೋವಿಗೆ ನಳಿಗೆ ತುದೀಲಿ ಒಂದು ಮಣಿ ಬಿಟ್ರೆ ಬೇರೆ ಸೈಟೇ ಇರ್ಲಿಲ್ಲ. ಇಲ್ಲಿಗೆ ಬಂದ್ಮೇಲೆ ಕಾರ್ಬೈನ್ (ಗಿಡ್ಡ ರೈಫಲ್) ಕಲ್ತೆ, ಈಗ ವಾರಾಂತ್ಯ ರೇಂಜ್‌ನಲ್ಲಿ ಹೊಸಬ್ರಿಗೆ ಹೇಳಿಕೊಡೋದೂ ಉಂಟು.

ನಿಮ್ಮ ದೂರ ನೀವೇ ಅಳೆದು ಹೇಳಿದೀರ, ಅರ್ಧ ಉತ್ತರ ಅದ್ರಲ್ಲೇ ಇದೆ. ಜೀವದ ಪ್ರಶ್ನೆ ಬರೋದು 12 ಯಾರ್ಡ್‌ನಲ್ಲಿ, ಕೊಟ್ಟಿಗೆ ತನಕ 70. ಇಷ್ಟಕ್ಕೆ ಝೂಮ್ ಬೇಡ. ನಿದ್ದೆಯಿಂದ ಎದ್ದು ಕತ್ತಲಲ್ಲಿ ಗನ್ ಎತ್ತಿದಾಗ ತಲೆ ಎಲ್ಲಿಟ್ರೂ ಚುಕ್ಕಿ ಕಾಣ್ಬೇಕು, ಎರಡೂ ಕಣ್ಣು ತೆರೆದಿರ್ಬೇಕು, ಯಾವ ಬಟನ್ ಅಂತ ಹುಡುಕೋ ಹಾಗಿರ್ಬಾರ್ದು. ರೆಡ್ ಡಾಟ್ ಗೆಲ್ಲೋದು ಅಲ್ಲಿ. ಅಮೆರಿಕದ ಸೈನ್ಯ 2000ದ ಹೊತ್ತಿಗೆ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ರೆಡ್ ಡಾಟ್‌ಗೆ ಎಂ68 ಅಂತ ಹೆಸರಿಟ್ಟು ಸಾಮಾನ್ಯ ಸೈನಿಕರ ಕೈಗೆ ಕೊಡೋಕೆ ಶುರು ಮಾಡಿದ್ದೂ ಇದೇ ಕಾರಣಕ್ಕೆ.

ನಾನು ಮೊದ್ಲು ನೋಡೋದು ಬ್ಯಾಟರಿ. ಏಮ್‌ಪಾಯಿಂಟ್ ಪ್ರೋ 30,000 ಗಂಟೆ ಓಡತ್ತೆ, ಅಂದ್ರೆ ಆನ್ ಮಾಡಿಟ್ರೆ ಮೂರು ವರ್ಷ ಮುಟ್ಟೋದೇ ಬೇಡ, ಆದ್ರೆ ಅದು ನಿಮ್ಮ ಬಜೆಟ್ ದಾಟತ್ತೆ. ಬಜೆಟ್ ಒಳಗೆ ಸಿಗ್ ರೋಮಿಯೋ5, ಹೋಲೋಸನ್ 403 ಅಥವಾ 503, ಎಲ್ಲಾ ಸಿಆರ್2032 ಬ್ಯಾಟರಿ. ರೋಮಿಯೋ5 ಸುಮ್ನೆ ಇಟ್ರೆ ಆಫ್ ಆಗಿ, ಕೈಗೆ ತಗೊಂಡ ತಕ್ಷಣ ತಾನಾಗೇ ಆನ್ ಆಗತ್ತೆ. ಏನೇ ತಗೊಂಡ್ರೂ ಪ್ರತಿ ವರ್ಷ ಯುಗಾದಿಗೋ ನಿಮ್ಮ ಬರ್ತ್‌ಡೇಗೋ ಬ್ಯಾಟರಿ ಬದಲಾಯಿಸಿಬಿಡಿ. ಇಯೋಟೆಕ್ ಹೋಲೋಗ್ರಾಫಿಕ್ ಸೈಟ್ ವೇಗಕ್ಕೆ ಚೆನ್ನಾಗಿದೆ, ಆದ್ರೆ ಬ್ಯಾಟರಿ ಸಾವಿರ ಗಂಟೆ ಆಸುಪಾಸು ಅಷ್ಟೆ, ಆನ್ ಮಾಡಿ ಇಡೋ ಗನ್‌ಗೆ ಹೊಂದಲ್ಲ. ಬಿಸಿಲು ಚಳಿಗೆ ಝೀರೋ (ಗುಂಡು ಬೀಳೋ ಜಾಗಕ್ಕೆ ಸೈಟ್ ಹೊಂದಿಸಿದ್ದು) ಸರಿದು ಹೋಗೋ ವಿಷ್ಯದಲ್ಲಿ ಅವಾಗಿನ ಮಾಲೀಕ ಕಂಪನಿ ಎಲ್-3, 2015ರಲ್ಲಿ ಸರ್ಕಾರಕ್ಕೆ 2.56 ಕೋಟಿ ಡಾಲರ್ ಕಟ್ಟಿ ಕೇಸ್ ಮುಗಿಸ್ಕೊಂಡಿದ್ದು ಹಳೇ ಕಥೆ, ಸೆಕೆಂಡ್ ಹ್ಯಾಂಡ್ ತಗೊಳ್ಳೋರಿದ್ರೆ ಅದು ತಲೇಲಿರ್ಲಿ.

ಇನ್ನೊಂದು ಮಾತು, ಇದು ಸೈಟ್‌ಗಿಂತ ಮೊದ್ಲು ಬರ್ಬೇಕು: ಗನ್ ಮೇಲೆ ಲೈಟ್ ಇದೆಯಾ? ಇಲ್ಲ ಅಂದ್ರೆ 400ರಲ್ಲಿ ಮೊದ್ಲು ಅದಕ್ಕೆ ಎತ್ತಿಡಿ. ಎದುರಿಗಿರೋದು ಕಳ್ಳನಾ, ನೀರು ಕುಡಿಯೋಕೆ ಎದ್ದ ಮಗನಾ ಅಂತ ಯಾವ ರೆಡ್ ಡಾಟೂ ಹೇಳಲ್ಲ. ಸ್ಟ್ರೀಮ್‌ಲೈಟ್ ಪ್ರೋಟ್ಯಾಕ್ ಎಚ್‌ಎಲ್-ಎಕ್ಸ್ ಥರದ್ದು ಸಾಕು, 1000 ಲ್ಯೂಮೆನ್ ಕೊಡತ್ತೆ.

ಉಡುಪಿ_ಕಣ್ಣು

ನಾನು ಇಲ್ಲಿ ಕಣ್ಣಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು, ಗಂಡನ ಜೊತೆ ರೇಂಜಿಗೂ ಹೋಗ್ತೇನೆ, ಹಾಗಾಗಿ ಕಣ್ಣಿನ ಭಾಗ ಮಾತ್ರ ಹೇಳ್ತೇನೆ.

ಸಿಲಿಂಡರ್ ಪವರ್ ಅಂದ್ರೆ ಅಸ್ಟಿಗ್ಮ್ಯಾಟಿಸಮ್ಮೇ. ಕಾರ್ನಿಯಾ ಎಲ್ಲಾ ದಿಕ್ಕಿಗೂ ಒಂದೇ ಸಮ ಬಾಗಿರುವುದಿಲ್ಲ, ಅದಕ್ಕೆ ಒಂದು ಸಣ್ಣ ಬೆಳಕಿನ ಚುಕ್ಕಿ ರೆಟಿನಾದಲ್ಲಿ ಒಂದೇ ಕಡೆ ಕೂಡುವುದಿಲ್ಲ, ಹರಡಿ ಬಾಲ ಬರ್ತದೆ. ರಾತ್ರಿ ಎದುರಿನ ಕಾರಿನ ಹೆಡ್‌ಲೈಟ್ ಕೂಡ ನಿಮಗೆ ಕಡ್ಡಿ ಕಡ್ಡಿಯಾಗಿ ಕಾಣ್ತಿರಬೇಕು ಅಲ್ವಾ? ಅದೇ ಇದು. ಆದ್ರೆ ಸುಮ್ಮನೆ ಕಣ್ಣಿನ ಮೇಲೆ ಹಾಕಿ ಬಿಡುವುದು ಬೇಡ, ಪರೀಕ್ಷೆ ಮಾಡಿ. ಗನ್ ಖಾಲಿ ಉಂಟು ಅಂತ ಎರಡು ಸಲ ನೋಡಿಕೊಂಡು, ಸೈಟಿನ ಹಿಂದೆ ಫೋನ್ ಇಟ್ಟು ಚುಕ್ಕಿಯ ಫೋಟೋ ತೆಗೀರಿ. ಫೋಟೋದಲ್ಲಿ ಗುಂಡಗೆ ಬಂತಾ, ಸೈಟ್ ಸರಿ ಉಂಟು, ಕಣ್ಣಿನದ್ದೇ ಸಮಸ್ಯೆ. ಫೋಟೋದಲ್ಲೂ ಒಡೆದಿದ್ರೆ ಆ ಪೀಸ್ ತಗೊಳ್ಬೇಡಿ. ಇನ್ನೊಂದು, ನಿಮ್ಮ ಹಿಂದಿನ ಮಡಚುವ ಐರನ್ ಸೈಟ್ ಎತ್ತಿ ಅದರ ಸಣ್ಣ ತೂತಿನ ಮೂಲಕ ಚುಕ್ಕಿ ನೋಡಿ, ಪಟ್ಟನೆ ಚೂಪಾಗ್ತದೆ. ಕ್ಲಿನಿಕ್ಕಿನಲ್ಲಿ ಪಿನ್‌ಹೋಲ್ ಇಟ್ಟು ನೋಡುವುದು ಇದೇ ಕಾರಣಕ್ಕೆ.

ಅಂಗಡಿಯಲ್ಲಿ ನೋಡುವಾಗ ಕನ್ನಡಕ ಹಾಕಿದ್ರಾ? ಹಾಕಿಯೂ ಒಡೆದು ಕಂಡಿದ್ರೆ ಮೊದಲು ಪವರ್ ಚೆಕ್ ಮಾಡಿಸಿ, ಆಕ್ಸಿಸ್ (ಸಿಲಿಂಡರ್ ಪವರಿನ ಕೋನ) ಸ್ವಲ್ಪ ತಪ್ಪಿದ್ರೂ ಸಾಕು ಹೀಗೆ ಆಗ್ಲಿಕ್ಕೆ. ಪ್ರೋಗ್ರೆಸಿವ್ ಲೆನ್ಸ್ (ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಲ್ಲಿ ಪವರ್ ಇರುವುದು) ಆದ್ರೆ ಗನ್ ಮೇಲೆ ತಲೆ ಬಾಗಿಸಿದಾಗ ನೀವು ಲೆನ್ಸಿನ ಮೇಲಿನ ಒಳ ಅಂಚಿನಿಂದ ನೋಡ್ತೀರಿ, ಅಲ್ಲಿ ಪವರ್ ಸರಿಯಾಗಿ ಸಿಗುವುದಿಲ್ಲ. ಮತ್ತೆ ಅಂಗಡಿಯವರು ಬ್ರೈಟ್‌ನೆಸ್ ಫುಲ್ ಇಟ್ಟು ಕೊಡ್ತಾರೆ, ಅದು ಬಿಸಿಲಿಗೆ. ಒಳಗೆ ಚುಕ್ಕಿ ಕಾಣುವಷ್ಟು ಮಾತ್ರ ಇಳಿಸಿ ನೋಡಿ, ಅರ್ಧ ಬಾಲ ಅಲ್ಲೇ ಹೋಗ್ತದೆ.

ಇಷ್ಟೆಲ್ಲ ಮಾಡಿಯೂ ಸರಿ ಆಗದಿದ್ರೆ ರೆಡ್ ಡಾಟ್ ಬಿಟ್ಟು ಪ್ರಿಸಂ ಸೈಟ್ ನೋಡಿ ಮಾರಾಯ್ರೆ. ಅದರಲ್ಲಿ ಗುರುತು ಗಾಜಿನ ಮೇಲೆಯೇ ಕೊರೆದಿರ್ತದೆ, ಹಿಂದಿನ ಡಯಾಪ್ಟರ್ ತಿರುಗಿಸಿ ನಿಮ್ಮ ಕಣ್ಣಿಗೆ ಹೊಂದಿಸ್ಲಿಕ್ಕೆ ಆಗ್ತದೆ. ಡಯಾಪ್ಟರ್ ಸಿಲಿಂಡರನ್ನು ಸರಿ ಮಾಡುವುದಿಲ್ಲ, ಫೋಕಸ್ ಮಾತ್ರ. ಆದ್ರೂ ಕಪ್ಪು ಗೆರೆಯ ಗುರುತು ಬೆಳಕಿನ ಚುಕ್ಕಿಯ ಹಾಗೆ ಹರಡುವುದಿಲ್ಲ.

ಧಾರವಾಡ_ಡಲ್ಲಾಸ್

ಅಕ್ಕಾರು ಹೇಳಿದ್ದು ಭಾಳ ಛಲೋ ಐತ್ರಿ, ಅದನ್ನ ಪ್ರಿಂಟ್ ತೆಗದು ಇಟ್ಕೋಬೇಕು. ಆದ್ರ ಹಂದಿ ವಿಷಯ ಯಾರೂ ಎತ್ತಲಿಲ್ಲ ನೋಡ್ರಿ. ಬೇಲಿ 150 ಯಾರ್ಡ್ ಅಂದ್ರಿ, ಮುಸ್ಸಂಜಿ ಹೊತ್ತಿನ್ಯಾಗ ಅಷ್ಟು ದೂರದಾಗ ನಿಂತಿದ್ದು ಹಂದೀನೋ ಪಕ್ಕದವರ ಕರಿ ನಾಯೀನೋ ಅಂತ ಬರಿಗಣ್ಣಿಗೆ ಗೊತ್ತಾಗಂಗಿಲ್ಲ. ನನ್ನ ಗನ್ನಿನ ಮ್ಯಾಲೆ ವೋರ್ಟೆಕ್ಸ್ ಸ್ಟ್ರೈಕ್ ಈಗಲ್ 1-6 ಐತಿ, ಝೂಮ್ ಮಾಡಿದ್ರ ಕಿವಿ ಸೈತ ಕಾಣತಾವ. ಅದರಾಗೂ ಗುರುತು ಗಾಜಿನ ಮ್ಯಾಲೆ ಕೊರದಿದ್ದು, ಡಯಾಪ್ಟರ್ ಐತಿ, ಹಿಂಗಾಗಿ ನಿಮ್ಮ ಕಣ್ಣಿಗೂ ತ್ರಾಸ ಆಗಂಗಿಲ್ಲ. ಇಲ್ಲೇ ಟೆಕ್ಸಾಸ್‌ನ್ಯಾಗ 2019ರಿಂದ ಖಾಸಗಿ ಜಮೀನಿನ್ಯಾಗ ಮಾಲೀಕರ ಒಪ್ಪಿಗಿ ಇದ್ರ ಕಾಡುಹಂದಿ ಹೊಡಿಯಾಕ ಹಂಟಿಂಗ್ ಲೈಸೆನ್ಸ್ ಸೈತ ಬೇಕಾಗಿಲ್ಲ.

ಆದ್ರ ಖರೇ ಹೇಳಬೇಕಂದ್ರ ಒಜ್ಜಿ ಆಗತೈತಿ. ಸ್ಕೋಪು ಮೌಂಟು ಸೇರಿ ಒಂದೂವರಿ ಪೌಂಡ್ ಹತ್ರ ಬರತೈತಿ, ರೆಡ್ ಡಾಟ್ ಅದರ ಮುಂದ ಏನೂ ಅಲ್ಲ. 1 ಎಕ್ಸ್‌ದಾಗ ಇಟ್ರೂ ಕಣ್ಣು ಸರಿ ಜಾಗಾದಾಗ ಬರಲಿಲ್ಲಂದ್ರ ಕರಿ ನೆರಳು ಬೀಳತೈತಿ, ಗಡಿಬಿಡಿಯೊಳಗ ಅದು ತೊಂದ್ರಿ. ಅಗ್ಗದ ಸ್ಕೋಪಿನ್ಯಾಗ ಬೆಳಕಿನ ಗುರುತು ಬಿಸಿಲಾಗ ಕಾಣಂಗೇ ಇಲ್ಲ. ಹಂದಿ ಮೊದಲ ಕೆಲಸ ಆದ್ರ ಸ್ಕೋಪ್ ತಗೋರಿ, ಮನಿ ಮೊದಲ ಕೆಲಸ ಆದ್ರ ಹ್ಯೂಸ್ಟನ್ ಅಣ್ಣಾರ ಮಾತು ಕೇಳ್ರಿ.

ಹಿಲ್‌ಕಂಟ್ರಿ_ಹಾಸನ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಉಡುಪಿ ಮೇಡಂ ಹೇಳಿದ ಹಾಗೆ ಫ್ರೆಂಡ್‌ನ ರೋಮಿಯೋ5 ಫೋಟೋ ತೆಗೆದು ನೋಡಿದೆ, ಚುಕ್ಕಿ ಗುಂಡಗೆ ಬಂತು, ಅಂದ್ರೆ ಕಣ್ಣೇ. ಬ್ರೈಟ್‌ನೆಸ್ ಇಳಿಸಿ, ಪ್ರೋಗ್ರೆಸಿವ್ ಬಿಟ್ಟು ಹಳೇ ಸಿಂಗಲ್ ವಿಷನ್ ಕನ್ನಡಕ ಹಾಕಿ ನೋಡಿದ್ರೆ ಸುಮಾರು ಸರಿಯಾಯ್ತು, ಆದ್ರೆ ರಾತ್ರಿ ಎದ್ದಾಗ ಕೈಗೆ ಯಾವ ಕನ್ನಡಕ ಸಿಗತ್ತೋ ಗೊತ್ತಿಲ್ಲ, ಹಾಗಾಗಿ 1 ಎಕ್ಸ್ ಪ್ರಿಸಂ ಕಡೆ ಮನಸ್ಸು ಹೋಗ್ತಿದೆ. ಪ್ರೈಮರಿ ಆರ್ಮ್ಸ್ ಮೈಕ್ರೋಪ್ರಿಸಂ ಹೇಗೆ? ಉಳಿದಿದ್ರಲ್ಲಿ ಲೈಟ್ ತಗೊಳ್ತೀನಿ. ಹಂದಿಗೆ ಮುಂದೆ ಬೇರೆ ನೋಡಿದ್ರಾಯ್ತು. ಝೀರೋ ಎಷ್ಟು ದೂರಕ್ಕೆ ಮಾಡ್ಲಿ?

ಕೋವಿ_ಹ್ಯೂಸ್ಟನ್

ಒಳ್ಳೇ ಆಯ್ಕೆ, ನಿಮ್ಮ ಕಣ್ಣಿಗೆ ನಾನೂ ಅದನ್ನೇ ಹೇಳ್ತೀನಿ. ಬ್ಯಾಟರಿ ಸತ್ರೂ ಕಪ್ಪು ಗುರುತು ಅಲ್ಲೇ ಇರತ್ತೆ, ರೆಡ್ ಡಾಟ್‌ಗೆ ಆ ಭಾಗ್ಯ ಇಲ್ಲ. ಒಂದು ಕೊರತೆ ಇದೆ, ರೆಡ್ ಡಾಟ್ ಹಾಗೆ ಎಲ್ಲಿಂದ ನೋಡಿದ್ರೂ ಕಾಣಲ್ಲ, ಕಣ್ಣು ಸೈಟ್‌ಗೆ ಹತ್ರ ಇರ್ಬೇಕು, ಹಾಗಾಗಿ ರೈಲ್ (ಗನ್ ಮೇಲೆ ಸೈಟ್ ಕೂರಿಸೋ ಪಟ್ಟಿ) ಮೇಲೆ ಸ್ವಲ್ಪ ಹಿಂದಕ್ಕೆ ಕೂರಿಸಿ, ಕನ್ನಡಕ ಹಾಕ್ಕೊಂಡು ದಿನಾ ಒಂದಷ್ಟು ಸಲ ಖಾಲಿ ಗನ್ ಎತ್ತಿ ಅಭ್ಯಾಸ ಮಾಡಿ.

ಝೀರೋ 50 ಯಾರ್ಡ್‌ಗೆ ಮಾಡಿ. 5.56 ಗುಂಡು ಹೆಚ್ಚು ಕಡಿಮೆ 200 ಯಾರ್ಡ್‌ನಲ್ಲಿ ಮತ್ತೆ ಗುರಿಗೆ ಕೂಡತ್ತೆ, ನಿಮ್ಮ ಬೇಲಿ ತನಕ ಗುರಿಯಿಂದ ಎರಡು ಇಂಚ್ ಒಳಗೇ ಇರತ್ತೆ. ಆದ್ರೆ ಮನೆ ಒಳಗಿನ ಲೆಕ್ಕ ಬೇರೆ, ಇದನ್ನ ತುಂಬಾ ಜನ ಮರೀತಾರೆ. ಎಆರ್‌ನಲ್ಲಿ ಸೈಟ್ ಬ್ಯಾರಲ್‌ಗಿಂತ ಎರಡೂವರೆ ಇಂಚ್ ಮೇಲೆ ಕೂತಿರತ್ತೆ, ಹಾಗಾಗಿ 5-10 ಯಾರ್ಡ್‌ನಲ್ಲಿ ಗುಂಡು ನೀವು ನೋಡಿದ ಜಾಗಕ್ಕಿಂತ ಎರಡು ಇಂಚ್ ಕೆಳಗೆ ಬೀಳತ್ತೆ. ಸೋಫಾ ಅಂಚಿನ ಮೇಲಿಂದಲೋ ಬಾಗಿಲ ಚೌಕಟ್ಟಿನ ಪಕ್ಕದಿಂದಲೋ ನೋಡಿದ್ರೆ ಸೈಟ್‌ನಲ್ಲಿ ದಾರಿ ಖಾಲಿ ಕಾಣತ್ತೆ, ಬ್ಯಾರಲ್ ಮುಂದೆ ಮರ ಇರತ್ತೆ. ರೇಂಜ್‌ನಲ್ಲಿ 7 ಯಾರ್ಡ್‌ಗೆ ಪೇಪರ್ ಹಾಕಿ ಕಣ್ಣಾರೆ ನೋಡಿ.

ಮೌಂಟ್ ಸ್ಕ್ರೂಗೆ ಟಾರ್ಕ್ ರೆಂಚ್ ಹಾಕಿ, ಬುಕ್ಕಲ್ಲಿ ಹೇಳಿದಷ್ಟೇ ಬಿಗಿ ಮಾಡಿ, ಆಮೇಲೆ ಪೇಂಟ್ ಪೆನ್ನಲ್ಲಿ ಒಂದು ಗೆರೆ ಎಳೀರಿ, ಸ್ಕ್ರೂ ತಿರುಗಿದ್ರೆ ಗೆರೆ ಮುರಿಯತ್ತೆ. ಮನೇಲಿ ಮಕ್ಕಳಿದ್ರೆ ತಕ್ಷಣ ತೆಗೆಯೋಕಾಗೋ ಲಾಕ್ ಇರೋ ಸೇಫ್ ಬೇಕೇ ಬೇಕು, 17 ವರ್ಷದ ಒಳಗಿನವರ ಕೈಗೆ ಗುಂಡು ತುಂಬಿದ ಗನ್ ಸಿಗೋ ಹಾಗೆ ಬಿಟ್ಟು, ಅದು ಅವರ ಕೈಗೆ ಸಿಕ್ಕಿಬಿಟ್ರೆ ಟೆಕ್ಸಾಸ್‌ನಲ್ಲಿ ಅಪರಾಧ.

ಮೈಸೂರ್_ಎಚ್1ಬಿ

ಮಧ್ಯ ಬಾಯಿ ಹಾಕ್ತಿದೀನಿ ಸಾರ್. ನಾನು ಎಚ್-1ಬಿ ಮೇಲಿದೀನಿ, ನಾನೂ ಒಂದು ತಗೋಬಹುದಾ? ಮತ್ತೆ ಊರಲ್ಲಿ ಮಾವನವರ ಹತ್ರ ಲೈಸೆನ್ಸ್ ರೈಫಲ್ ಇದೆ, ಅವ್ರಿಗೆ ಇಲ್ಲಿಂದ ಒಂದು ಸ್ಕೋಪ್ ತಗೊಂಡೋಗ್ಬಹುದಾ?

ಕೋವಿ_ಹ್ಯೂಸ್ಟನ್

ಎರಡನ್ನೂ ಈಗ್ಲೇ ಕೇಳಿದ್ದು ಒಳ್ಳೇದಾಯ್ತು. ಎಚ್-1ಬಿ, ಎಫ್-1 ಥರ ನಾನ್‌ಇಮಿಗ್ರಂಟ್ ವೀಸಾದಲ್ಲಿ ಇರೋರು ಗನ್ ಆಗ್ಲಿ ಗುಂಡಾಗ್ಲಿ ಇಟ್ಕೊಳ್ಳೋದಕ್ಕೆ ಫೆಡರಲ್ ಕಾನೂನಲ್ಲಿ ನಿಷೇಧ ಇದೆ. ವ್ಯಾಲಿಡ್ ಹಂಟಿಂಗ್ ಲೈಸೆನ್ಸ್ ಇರೋರಿಗೆ ಅಂತ ಒಂದು ವಿನಾಯಿತಿ ಇದೆ, ಆದ್ರೆ ಅಂಗಡೀಲಿ ಗನ್ ತಗೊಳ್ಳೋಕೆ ಕೊಡೋ 4473 ಫಾರ್ಮ್ ತುಂಬೋಕೆ ಮುಂಚೆ ವಕೀಲರ ಹತ್ರ ಹೋಗಿ, ಇಲ್ಲಿ ನಾವು ಹೇಳಿದ್ದನ್ನ ನಂಬ್ಕೊಂಡು ಗ್ರೀನ್ ಕಾರ್ಡ್ ಫೈಲ್‌ಗೆ ಕಲ್ಲು ಹಾಕ್ಕೋಬೇಡಿ.

ಸ್ಕೋಪ್ ಸೂಟ್‌ಕೇಸ್‌ನಲ್ಲಿ ಹಾಕೋದು ಬೇಡವೇ ಬೇಡ. ಗನ್ನಿನ ಸ್ಕೋಪು ರೆಡ್ ಡಾಟು ಎಲ್ಲಾ ಅಮೆರಿಕದ ಎಕ್ಸ್‌ಪೋರ್ಟ್ ಕಂಟ್ರೋಲ್ ಪಟ್ಟೀಲಿವೆ, ಪರ್ಮಿಷನ್ ಇಲ್ದೆ ದೇಶ ದಾಟಿಸೋ ಹಾಗಿಲ್ಲ. ಮಾವನವ್ರಿಗೆ ಅಲ್ಲೇ ಲೈಸೆನ್ಸ್ ಇರೋ ಡೀಲರ್ ಹತ್ರ ಕೇಳೋಕೆ ಹೇಳಿ.